ನೆಲ ಮುಟ್ಟದ ಬಾಲ

ಬೆಳಕು ಹರಿಯುವ ಹೊತ್ತಿಗೆ ಕ್ರೈನ್ ವಿಸ್ಸೆ ಮೆರ್ವೆಡೆ ನದಿಯ ಒಡ್ಡಿನ ಬುಡದಲ್ಲಿ ಮಂಡಿಯೂರಿ ಕೂತಿದ್ದಾರೆ. ನೀರಿಳಿದ ಕೆಸರಿನ ಮೇಲೆ ಸಣ್ಣದೊಂದು ಗೆರೆ, ಹೊಸದು. "ಬಾಲ ಎಳ್ಕೊಂಡು ಹೋಗಿದೆ ಮುಂಡೇದು," ಅನ್ನುತ್ತಾರೆ. ಒಡ್ಡನ್ನು ಕೊರೆದು ಬಿಲ ಮಾಡುವ ಕಸ್ತೂರಿ ಇಲಿಯ ಗುರುತು ಅದು. ಸಂಜೆಗೆ ಬಿರುಗಾಳಿ ಸಮುದ್ರದ ನೀರನ್ನು ನದಿಯೊಳಕ್ಕೆ ಒತ್ತಿ ತರಲಿದೆ. ಅಷ್ಟರೊಳಗೆ ಬಿಲ ಸಿಗಬೇಕು. ಒಡ್ಡಿನ ಆಚೆ ತಗ್ಗಿನಲ್ಲಿ ಅವರ ಬಾಣಂತಿ ಮಗಳು ದೀನಾಳ ಮನೆಯಿದೆ.

ಇಲಿ ಹಿಡಿಯುವವರೆಂದರೆ ನಮ್ಮೂರಲ್ಲಿ ಮೂಗು ಮುರಿಯುವವರೇ ಹೆಚ್ಚು. ಅವರೆಲ್ಲ ಒಣ ಹಾಸಿಗೆಯಲ್ಲಿ ಮಲಗುವುದು ಯಾರ ಪುಣ್ಯದಿಂದ ಎಂದು ಕೇಳಬೇಕೆನಿಸುತ್ತದೆ. ಕ್ರೈನ್ ಅವರಪ್ಪನದೂ ಇದೇ ಕೆಲಸ. ಆಗ ಬಾಲ ಕತ್ತರಿಸಿ ತಂದರಷ್ಟೇ ಕೂಲಿ. ಹಾಗಾಗಿ ಜಲಮಂಡಳಿಯ ಗಣಿತಜ್ಞೆ ಹಿಲ್ಕೆ ಮೊದಲ ಸಭೆಯಲ್ಲಿ "ನನಗೆ ಭಯ ಇರೋದು ಬಾಲದ್ದೇ" ಅಂದಾಗ, ಕ್ರೈನ್ ಚೀಲದಿಂದ ಒಂದನ್ನು ತೆಗೆದು ಮೇಜಿನ ಮೇಲಿಟ್ಟರಂತೆ. ಆಕೆ ಹೇಳಿದ್ದು ಗ್ರಾಫಿನ ಬಾಲ, ಅಂದರೆ ಗೆರೆ ತಗ್ಗುತ್ತಾ ಚಾಚಿಕೊಳ್ಳುವ ತುದಿ. ಸಭೆಗೆ ಸಭೆಯೇ ನಕ್ಕಿತ್ತು.

ಇವತ್ತು ಯಾರೂ ನಗುತ್ತಿಲ್ಲ. ಹಿಲ್ಕೆಯೂ ಬೂಟು ಹಾಕಿಕೊಂಡು ಕೆಸರಿಗಿಳಿದಿದ್ದಾಳೆ. ಹುಡುಕಾಟ ನೋಡಲು ಜೊತೆಗೆ ಬಂದಿರುವ ನಾನು, ಒಡ್ಡಿನ ಎತ್ತರ ಗೊತ್ತುಮಾಡಿದ್ದು ಹೇಗೆಂದು ಅವಳನ್ನು ಕೇಳುತ್ತೇನೆ.

"ದಿನದ ನೀರು ಹೆಂಗಾದ್ರೂ ಇರ್ಲಿ. ಒಂದೊಂದು ಅವಧೀಲಿ ಬಂದ ಅತಿ ಎತ್ತರದ ನೀರನ್ನಷ್ಟೇ ಆರಿಸ್ಕೋಬೇಕು. ಅವಧಿ ಹಿಗ್ಗಿಸ್ತಾ ಹೋದ್ರೆ, ಆ ಎತ್ತರಗಳ ಹಂಚಿಕೆ ಒಂದು ಗೊತ್ತಾದ ಆಕಾರಕ್ಕೆ ಹತ್ತಿರ ಹತ್ತಿರ ಬರತ್ತೆ. ಅದನ್ನ ನೋಡಿ ಒಡ್ಡು ಕಟ್ಟಿದ್ದು. ಇದನ್ನೂ ಮೀರೋ ನೀರು ಬರೋ ಸಂಭವ ತೀರಾ ಸಣ್ಣದು. ಮೇಲೆ ಹೋದಷ್ಟೂ ಸೊನ್ನೆ ಕಡೆ ಇಳಿಯತ್ತೆ, ಅದೇ ಬಾಲ."

"ಸೊನ್ನೆ ಆಗತ್ತಾ?" ಕ್ರೈನ್ ತಲೆಯೆತ್ತುತ್ತಾರೆ.

"ಹತ್ತಿರ ಹೋಗತ್ತೆ. ಮುಟ್ಟಲ್ಲ."

"ಹಂಗಾದ್ರೆ ನಿನ್ನ ಬಾಲಾನೂ ಒಡ್ಡು ಕೊರಿಯತ್ತೆ ಬಿಡು."

"ಅದಕ್ಕೇ ನನಗೂ ನಿದ್ದೆ ಬರಲ್ಲ, ಕ್ರೈನ್."

ಕ್ರೈನ್ ಸಲಾಕೆಯಿಂದ ಒಡ್ಡನ್ನು ಚುಚ್ಚುತ್ತಾ ಸಾಗುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಒಂದು ಕಡೆ ಸಲಾಕೆ ಬೆಣ್ಣೆಯಲ್ಲಿ ಇಳಿದಂತೆ ಇಳಿಯುತ್ತದೆ. ಬಿಲ ಅಗೆದು, ಜೇಡಿಮಣ್ಣು ತುಂಬಿ, ತುಳಿದು ಗಟ್ಟಿ ಮಾಡುತ್ತಾರೆ. "ಒಂದು ಸಿಕ್ತು ಅಂದ್ರೆ ಇನ್ನೊಂದಿಲ್ಲ ಅಂತಲ್ಲ," ಎಂದು ಮತ್ತೆ ಹುಡುಕುತ್ತಾರೆ. ನೀರು ಏರಿ ಬುಡ ಮುಳುಗಿದಾಗ ಹತ್ತಿ ಬರುವುದೊಂದೇ ದಾರಿ. ಎರಡನೆಯದು ಸಿಕ್ಕಿಲ್ಲ.

ಗಾಳಿ ಆಗಲೇ ಬೀಸತೊಡಗಿದೆ. ದೀನಾ ಬಾಗಿಲಲ್ಲೇ ಕಾಯುತ್ತಿದ್ದಾಳೆ.

"ಅಪ್ಪಾ, ಇನ್ನೇನೂ ಭಯ ಇಲ್ಲ ತಾನೆ?"

"ನನ್ನ ಕೈಯಾರೆ ಮುಚ್ಚಿದೀನಮ್ಮ. ಆ ಜಾಗ ಇನ್ನು ಕಲ್ಲು." ಅವರ ದನಿಯಲ್ಲಿ ಹೆಮ್ಮೆಯಿದೆ. ಕೆಸರು ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಒಳಗೆ ಇಣುಕುತ್ತಾರೆ. "ತೊಟ್ಟಿಲೆಲ್ಲಿ?"

"ಇಲ್ಲೇ ಕೆಳಗೆ, ಬೆಚ್ಚಗಿರತ್ತೆ ಅಂತ."

"ಮಹಡಿಗೆ ಒಯ್ಯೋಣ ನಡಿ. ಆ ತುದಿ ನಾನು ಹಿಡ್ಕೋತೀನಿ."