ಒಂದನೇ ನಂಬರಿನ ಮೊಸರು

ಹಾಲು ಸೀದ ವಾಸನೆ ಬಂದರೆ ಸಾಕು, ಈಗಲೂ ನನ್ನ ಕಣ್ಣು ಮೊದಲು ಹುಡುಕುವುದು ಒಲೆಯನ್ನಲ್ಲ, ಫ್ಯಾನಿನ ಸ್ವಿಚ್ಚನ್ನು. ಸಮೇತನಹಳ್ಳಿಯ ನಮ್ಮ ಅಜ್ಜಿಮನೆಯ ನಡುಮನೆಯಲ್ಲಿ, ಸ್ವಿಚ್ಚಿನ ಪಕ್ಕದಲ್ಲೇ, ಇಟ್ಟಿಗೆ ಗಾತ್ರದ ಕಪ್ಪು ರೆಗ್ಯುಲೇಟರ್ ಇತ್ತು. ನಿಮ್ಮಲ್ಲಿ ಕೆಲವರ ಮನೆಯಲ್ಲೂ ಇದ್ದಿರಬೇಕು. ಐದಕ್ಕಿಟ್ಟರೆ ಫ್ಯಾನಿನ ಗಾಳಿಗೆ ಗೋಡೆಯ ಕ್ಯಾಲೆಂಡರ್ ಪಟಪಟ ಬಡಿದುಕೊಳ್ಳುತ್ತಿತ್ತು. ಒಂದಕ್ಕಿಟ್ಟರೆ ನೊಣವೂ ಕದಲುತ್ತಿರಲಿಲ್ಲ. ಆದರೆ ಒಳಗಿನ ತಂತಿಸುರುಳಿ ಕಾದು ಡಬ್ಬಿ ಬೆಚ್ಚಗಾಗುತ್ತಿತ್ತು. ಆ ಕಾವನ್ನು ಅಜ್ಜಿ ಕಂಡುಹಿಡಿದಿದ್ದಳು. ಚಳಿಗಾಲ ಬಂತೆಂದರೆ ಹೆಪ್ಪು ಹಾಕಿದ ಹಾಲಿನ ಸ್ಟೀಲ್ ಡಬರಿಯನ್ನು ಅದರ ನೆತ್ತಿಯ ಮೇಲಿಟ್ಟು, ಫ್ಯಾನನ್ನು ಒಂದಕ್ಕೆ ತಿರುಗಿಸುವಳು. ಮೊಸರು ಬೆಚ್ಚಗಿರಲೆಂದು ನಾವೆಲ್ಲ, ಆ ಚಳಿಗೆ ಅಷ್ಟು ಗಾಳಿಯೇ ಹೆಚ್ಚಾಗಿ, ಫ್ಯಾನಿನ ಕೆಳಗೆ ಕಂಬಳಿ ಹೊದ್ದು ನಡುಗುತ್ತಿದ್ದೆವು. ತಾತ ಗೊಣಗಿದರೆ, "ಆರ್ಸ್ಬಿಡ್ತೀನಿ, ಮುದ್ದೆಗೆ ನೀರ್ ಕಲಸ್ಕೊಂಡ್ ಉಣ್ಣು" ಎನ್ನುವಳು. ತಾತ ಮಫ್ಲರನ್ನು ಕಿವಿಗೆಳೆದುಕೊಳ್ಳುತ್ತಿದ್ದ.

ಒಂದು ಬೆಳಿಗ್ಗೆ, ಪಾತ್ರೆ ತೊಳೆದ ಒದ್ದೆ ಕೈಯಲ್ಲೇ ಅಜ್ಜಿ ಡಬರಿಗೆ ಕೈಹಾಕಿದಳು. ಅದು ಓರೆಯಾಗಿ, ಇನ್ನೂ ಗಟ್ಟಿಯಾಗದ ಹಾಲು ರೆಗ್ಯುಲೇಟರ್ ಡಬ್ಬಿಯ ಗಾಳಿತೂತುಗಳೊಳಗೆ ಸುರಿಯಿತು. ಚಟಚಟ ಸದ್ದು, ಸೀದ ಹೊಗೆ. ಅಜ್ಜಿಯ ಕೈ ಡಬರಿಗೆ ಅಂಟಿಕೊಂಡಿತು. ಬಾಯಿ ತೆರೆದಿತ್ತು, ದನಿಯಿರಲಿಲ್ಲ. ಸ್ವಿಚ್ಚು ನನ್ನ ಕೈಗೆಟಕುವಷ್ಟು ಹತ್ತಿರದಲ್ಲಿತ್ತು. ಹತ್ತು ವರ್ಷದ ನಾನು ಅದನ್ನು ನೋಡುತ್ತ ನಿಂತಿದ್ದೆ, ಅಷ್ಟೆ. ಒಲೆಯ ಮುಂದೆ ಚಳಿ ಕಾಯಿಸುತ್ತಿದ್ದ ತಾತ ಮುದ್ದೆ ತಿರುವುವ ಕೋಲು ಹಿಡಿದು ಓಡಿಬಂದವನೇ ಅವಳ ಮಣಿಕಟ್ಟಿಗೆ ಒಂದು ಬಿಟ್ಟ. ಡಬರಿ ಹಾರಿತು, ಉಳಿದ ಹಾಲಿನಿಂದ ಅವನ ಬೋಳುತಲೆಗೆ ಅಭಿಷೇಕವಾಯಿತು. ಕೋಲಿನ ತುದಿಯಿಂದಲೇ ಸ್ವಿಚ್ಚು ಆರಿಸಿದ.

ನೆಲಕ್ಕೆ ಕುಸಿದ ಅಜ್ಜಿ ಉಸಿರು ಬಂದೊಡನೆ, "ಕಟ್ಕೊಂಡ್ ನಲವತ್ ವರ್ಸ ಆದ್ಮೇಲೆ ಕೈ ಮಾಡ್ಬಿಟ್ಯಲ್ಲಯ್ಯಾ!" ಎಂದಳು.

"ಹೊಡೀದೆ ಇದ್ದಿದ್ರೆ ನೀನೇ ಹೆಪ್ಪಾಗೋಗ್ತಿದ್ದೆ ಕಣಮ್ಮಿ" ಎಂದ ತಾತ. ಅವನ ಗಲ್ಲದಿಂದ ತೊಟ್ಟಿಕ್ಕುತ್ತಿದ್ದುದೆಲ್ಲ ಹಾಲೇ ಆಗಿರಲಿಲ್ಲ.

ಆಮೇಲೆ ಬದುಕಿರುವವರೆಗೂ ಅಜ್ಜಿ ಸ್ವಿಚ್ಚನ್ನು ಒತ್ತಿದ್ದು ಮುದ್ದೆಕೋಲಿನಿಂದಲೇ. ಮನೆಯ ಸ್ವಿಚ್ಚುಗಳಿಗೆಲ್ಲ ರಾಗಿ ಮೆತ್ತಿರುತ್ತಿತ್ತು. ಈಗ ಅವರಿಬ್ಬರೂ ಇಲ್ಲ, ಆ ಮನೆಯೂ ಇಲ್ಲ. ಮೊನ್ನೆ ದೇವನಹಳ್ಳಿಯ ನನ್ನ ಮನೆಗೆ ಹೊಸ ಫ್ಯಾನು ಹಾಕಿದ ಎಲೆಕ್ಟ್ರಿಷಿಯನ್, "ಇದು ಎಲೆಕ್ಟ್ರಾನಿಕ್ ಸಾರ್, ಒಂದಕ್ಕಿಟ್ರೂ ಬಿಸಿಯಾಗಲ್ಲ" ಎಂದು ಬೀಗಿದ. ಅವನು ಹೋದ ಮೇಲೆ ಒಂದಕ್ಕಿಟ್ಟು, ರೆಗ್ಯುಲೇಟರಿಗೆ ಅಂಗೈ ಒತ್ತಿ ಬಹಳ ಹೊತ್ತು ನಿಂತೆ. ತಣ್ಣಗಿತ್ತು. ಅಂದು ಸ್ವಿಚ್ಚಿನವರೆಗೂ ಚಾಚದೆ ಉಳಿದದ್ದು ಇದೇ ಕೈ.