ಪುಟ್ಟಬಾಳೆಗೆ ಬೀಜವಿಲ್ಲ

ಗಿಡಗಳ ಸಮೀಕ್ಷೆಗೆಂದು ಪಿರಿಯಾಪಟ್ಟಣದ ಹತ್ತಿರದ ಹಳ್ಳಿಗೆ ಹೋಗಿದ್ದೆ. ಹೊಗೆಸೊಪ್ಪು ಬೆಳೆಯುವ ಸಿದ್ದೇಗೌಡರು ಊಟ ಹಾಕಿಸಿ, ಎಲೆಅಡಿಕೆಯ ಜೊತೆ ಪುಟ್ಟಬಾಳೆಹಣ್ಣು ಕೊಟ್ಟು, ನನ್ನನ್ನು ಪಂಚಾಯ್ತಿಗೆ ಕೂರಿಸಿದರು. ಮೊಮ್ಮಗಳು ಮೆಚ್ಚಿದ ಹುಡುಗ ಕೊಡಗಿನವನು, ಬೇರೆ ಜನ.

"ಗಿಡ ಓದಿದೋರು ನೀವು. ಬ್ಯಾರೆ ಬ್ಯಾರೆಯೋರು ಬೆರೆತ್ರೆ ವಂಸ ಬೆಳೆದಾತಾ, ಏಳಿ ಸ್ವಾಮಿ."

ಹುಡುಗಿ ಬಾಗಿಲಲ್ಲಿ ನಿಂತು ನನ್ನ ಮುಖವನ್ನೇ ನೋಡುತ್ತಿದ್ದಳು. ಮನುಷ್ಯರ ವಿಷಯ ನನಗೆ ತಿಳಿಯದು ಎಂದು ಎದ್ದು ಹೋಗಬಹುದಿತ್ತು. ಬದಲಿಗೆ ಕೈಲಿದ್ದ ಹಣ್ಣು ತೋರಿಸಿ, "ಇದರ ವಂಶವೂ ಎರಡು ಬೇರೆ ಕಾಡುಬಾಳೆಗಳು ಕೂಡಿ ಹುಟ್ಟಿದ್ದೇ" ಎಂದೆ.

"ಅದ್ಕೇ ಕಣ್ರೀ, ಬೀಜ ಇಲ್ಲ!" ಗೌಡರು ತೊಡೆ ತಟ್ಟಿದರು. ಹುಡುಗಿಯ ಮುಖ ಬಾಡಿತು.

ನಾನು ಗಾಬರಿಯಿಂದ ಹೊಲದ ಕಡೆ ನೋಡಿದೆ. "ನಿಮ್ಮ ಹೊಗೆಸೊಪ್ಪೂ ಅಂಥದ್ದೇ ಗೌಡ್ರೇ. ಎರಡು ಬೇರೆ ಕಾಡುಗಿಡ ಕೂಡಿ ಹೊಸದೊಂದು ಗಿಡವಾಗಿ ನಿಂತಿತು. ಅದರ ಅಪ್ಪ ಅಮ್ಮ ಕಂಡೇ ಇರದ ನಿಮ್ಮ ಮಣ್ಣಿಗೂ ಒಗ್ಗಿತು. ಅದಕ್ಕೆ ಬೀಜ ಕಮ್ಮಿಯೇ?"

ಗೌಡರು ಹೊಲದ ಕಡೆ ನೋಡುತ್ತಾ ಎಲೆ ಜಗಿದರು. ಒಳಗಿನಿಂದ ಅವರ ಹೆಂಡತಿ ಕೂಗಿದರು: "ಬೀಜ ಎಣಿಸ್ಕೊಂಡು ಕೂತ್ಕೊಳಿ. ನೀವು ಮುಗಿಸೋ ಒತ್ಗೆ ಮರಿಮಕ್ಳು ಇಸ್ಕೂಲ್‌ಗೆ ಓಗ್ತವೆ."

ಆ ಹುಡುಗನ ಜೊತೆಯೇ ನಡೆದ ಮೊಮ್ಮಗಳ ಮದುವೆಯಲ್ಲಿ ಗೌಡರೇ ನನ್ನ ಕೈಗೆ ತಾಂಬೂಲದ ಚೀಲ ಕೊಟ್ಟರು. "ಬೀಜ ಇಲ್ದಿದ್ದು ಮದ್ವೆಗೆ ಬ್ಯಾಡ ಅಂತ ಬಾಳೆಅಣ್ಣು ಬುಟ್ಟು ತೆಂಗಿನಕಾಯಿ ಮಡಗಿಸಿವ್ನಿ" ಎಂದರು.

ತನ್ನ ಕುಲದಲ್ಲಿ ತಾನೊಂದೇ ಉಳಿದ, ಬೆರೆಯಲು ನಂಟರೇ ಇಲ್ಲದ ತೆಂಗಿನ ವಂಶ ಅವರು ಕೇಳಲಿಲ್ಲ. ನಾನೂ ಹೇಳಲಿಲ್ಲ.