ಅಮೃತೂರಿಗೆ ಹೊತ್ತೊಯ್ದ ಮಲಗುಚೀಲ

ಗುರುವಾರ ಬೆಳಿಗ್ಗೆ ಏಳಕ್ಕೆ ಗುಬ್ಬಿ ಬಿಟ್ಟೆ. ಹೆಗಲಲ್ಲಿ ನಾನೇ ಹೊಲಿದ ಮಲಗುಚೀಲ, ಹಿಮಾಲಯದ ಚಳಿಗೆಂದು ಹೊಲಿದದ್ದು. ಹೊರಟದ್ದು ಮಾತ್ರ ಅಮೃತೂರಿಗೆ, ಮಾಡಿದ ತಪ್ಪನ್ನು ಒಪ್ಪಿಕೊಳ್ಳಲು.

ನಾನು ಹಾಸಿಗೆ ಹೊಲಿಯುವವನು. ಅಮೃತೂರಿನ ರಂಗಪ್ಪ ನನ್ನ ಹೈಸ್ಕೂಲು ಜೊತೆಗಾರ, ನಿವೃತ್ತ ಪಿ.ಟಿ. ಮೇಷ್ಟ್ರು. ಅರವತ್ತೈದು ದಾಟಿದ ನಾವಿಬ್ಬರೂ ವರ್ಷದಿಂದ ಹಿಮಾಲಯದ ಝಂಸ್ಕಾರ್ ಕಡೆಯ ಚಾರಣಕ್ಕೆ ತಯಾರಾಗುತ್ತಿದ್ದೆವು. ಐದು ಸಾವಿರ ಮೀಟರ್ ಎತ್ತರ, ನಾಲ್ಕು ದಿನ ನಡೆದರೂ ಊರು ಸಿಗದ ದಾರಿ. ದೇವರಾಯನದುರ್ಗ ಹತ್ತಿಸಿ ಹತ್ತಿಸಿ ನನ್ನ ಕಾಲು ಗಟ್ಟಿ ಮಾಡಿದವನು ಅವನು. ಚೀಲ ಹೊಲಿಯುವುದು ನನ್ನ ಪಾಲಿಗೆ ಬಂತು.

ಹತ್ತಿ ಮಾತ್ರ ಬೇಡ, ಫೈಬರ್ ತುಂಬಿ ಎಂದು ಅಲ್ಲಿಯ ಗೈಡ್ ಫೋನಿನಲ್ಲಿ ಹೇಳಿದ್ದ. ನಮ್ಮಿಬ್ಬರಲ್ಲಿ ಹಿಂದಿ ಬರುವವನು ನಾನೊಬ್ಬನೇ; ಆ ಮಾತು ರಂಗಪ್ಪನಿಗೆ ಮುಟ್ಟಲಿಲ್ಲ. ತಂದ ಫೈಬರ್ ಒಂದೇ ಚೀಲಕ್ಕಾಯಿತು. ಅದನ್ನು ನನ್ನದಕ್ಕೆ ತುಂಬಿದೆ. ಅವನದಕ್ಕೆ ಅರಳೆ ತುಂಬಿ, ಎರಡೂ ಒಂದೇ ಎಂದು ಹೇಳಿ ಕಳಿಸಿದೆ. ನಲವತ್ತು ವರ್ಷ ಹತ್ತಿ ಹಿಂಜಿದವನ ಜಂಬವೂ ಸೇರಿತ್ತು: ನನ್ನ ಹತ್ತಿಗೇನು ಕಡಿಮೆ? ಬುಧವಾರ ಅನುಮಾನ ಬಂದು, ಉಳಿದ ಫೈಬರ್ ಮತ್ತು ಅರಳೆಯ ಒಂದೊಂದು ತುಂಡನ್ನು ನೆನೆಸಿ ತಾರಸಿಯಲ್ಲಿ ಹರವಿದೆ. ಫೈಬರ್ ಮಧ್ಯಾಹ್ನಕ್ಕೇ ಒಣಗಿತು. ಅರಳೆ ಹಿಂಡಿದರೆ ಸಂಜೆಗೂ ನೀರು ಸುರಿಯಿತು. ಹಿಮದಲ್ಲಿ ನೆನೆದರೆ ಅದು ರಂಗಪ್ಪನ ಜೀವ ತೆಗೆಯುತ್ತಿತ್ತು.

ತುಮಕೂರಿಗೆ ಇಪ್ಪತ್ತು ಕಿಲೋಮೀಟರ್. ಸ್ಟ್ಯಾಂಡಿನಲ್ಲಿ ಇಡ್ಲಿ ತಿಂದು ಬಸ್ಸು ಬದಲಿಸಿದೆ. ಕುಣಿಗಲ್ ಬಸ್ಸಿನ ಕಂಡಕ್ಟರ್ ಚೀಲ ನೋಡಿ, "ಏನ್ ಸಾಬ್ರೇ, ಹಾಸ್ಗೆ ಸಮೇತ ಹೊಂಟಿದೀರಾ? ಮನೇಲಿ ಓಡ್ಸುಬುಟ್ರಾ?" ಎಂದ. ಬಸ್ಸೆಲ್ಲ ನಕ್ಕಿತು.

"ಇನ್ನೂ ಇಲ್ಲ ಕಣಪ್ಪ. ಅಮೃತೂರಲ್ಲಿ ಓಡಿಸ್ತಾರೆ" ಎಂದೆ.

ಕುಣಿಗಲ್ಲಿನಲ್ಲಿ ಅಮೃತೂರಿನ ಖಾಸಗಿ ಬಸ್ಸು ತುಂಬುವವರೆಗೆ ನಲವತ್ತು ನಿಮಿಷ ನಿಂತಿತು. ಎರಡು ಸಲ ಇಳಿದೆ, ಎರಡು ಸಲ ಹತ್ತಿದೆ. ವಾಪಸು ಗುಬ್ಬಿಗೆ ಹೋಗಿಬಿಡೋಣ ಎನ್ನಿಸಿದ್ದೂ ನಿಜ.

ರಂಗಪ್ಪ ಜಗಲಿಯ ಮೇಲೆ ಬೂಟಿಗೆ ಎಣ್ಣೆ ಹಚ್ಚುತ್ತಿದ್ದ.

"ಏನ್ಲಾ ಬಾಷಾ, ಶನಿವಾರದ ರೈಲಿಗೆ ಇವತ್ತೇ ಹೊಂಟ್‌ಬುಟ್ಟಾ?"

"ನಿನ್ ಚೀಲದಲ್ಲಿರೋದು ಹತ್ತಿ ಕಣೋ."

ಅವನು ಬೂಟು ಕೆಳಗಿಟ್ಟು ಎದ್ದ. ಒಳಗಿನಿಂದ ತನ್ನ ಚೀಲ ತಂದು ಅಂಗಳಕ್ಕೆ ಹಾಕಿ, ಒಂದು ಬಿಂದಿಗೆ ನೀರು ಸುರಿದ. ಎತ್ತಲು ಹೋದ. ಎರಡು ಕೈ ಬೇಕಾಯಿತು.

"ಗೈಡ್ ಏನಂದಿದ್ದ?"

"ಹತ್ತಿ ಬೇಡ ಅಂದಿದ್ದ."

"ನಿನ್ ಚೀಲ್ದಲ್ಲಿ ಏನೈತೆ?"

ಇದನ್ನು ಕೇಳದಿರಲಿ ಎಂದು ಗುಬ್ಬಿಯಿಂದ ಬೇಡಿಕೊಂಡು ಬಂದಿದ್ದೆ. "ಫೈಬರ್" ಎಂದೆ.

"ಸ್ಕೂಲಲ್ಲೂ ಅಷ್ಟೇ ಕಣೋ. ನನ್ ಊಟದ್ ಡಬ್ಬೀಲೂ ರೊಟ್ಟಿ ದೊಡ್ಡ ತುಂಡು ನಿಂದೇ."

"ಇದು ನಿನಗೇ ತಂದಿದೀನಿ. ನಾನು ಬರಲ್ಲ ಬಿಡು."

ಅವನು ಚೀಲ ಕಿತ್ತುಕೊಂಡು ಒಳಗಿಟ್ಟು ಬಂದ. "ಬರಲ್ಲ ಅಂದ್ರೆ ಹಿಂದಿ ನಂಗ್ಯಾವನ್ ಹೇಳ್ತಾನೆ? ಶನಿವಾರದೊಳಗೆ ನಿಂಗೊಂದ್ ಹೊಲ್ಕೊ. ಸ್ಟೇಷನ್ನಲ್ಲಿ ನೀರ್ ಸುರ್ದು ನೋಡಿಯೇ ಹತ್ತುಸ್ಕೊಳೋದು."

ಹೇಳುವಾಗ ಅವನು ನಗಲಿಲ್ಲ. ಯಾವಾಗಲೂ ಬಸ್ಸಿನವರೆಗೆ ಬರುವವನು ಅಂದು ಬಾಗಿಲಲ್ಲೇ ನಿಂತ.

ನೆನೆದ ಹತ್ತಿ ಚೀಲವನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹಿಂತಿರುಗಿದೆ. ಪ್ಯಾಂಟು ಒದ್ದೆಯಾಗಿ ನೀರು ಚಪ್ಪಲಿಗಿಳಿಯಿತು. ಕುಣಿಗಲ್ ಕೆರೆ ದಾಟುವಾಗ ನಡುಮಧ್ಯಾಹ್ನ, ಕಿಟಕಿಯ ಕಂಬಿ ಮುಟ್ಟಿದರೆ ಸುಡುವಂಥ ಬಿಸಿಲು. ಆ ಬಿಸಿಲಲ್ಲೂ ನನ್ನ ಮೊಣಕಾಲುಗಳು ಹಿಮದಲ್ಲಿಟ್ಟಂತೆ ತಣ್ಣಗಾಗಿದ್ದವು. ಗುಬ್ಬಿ ಬರುವವರೆಗೂ ಚೀಲವನ್ನು ಕೆಳಗಿಡಲಿಲ್ಲ.